ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್‌ಗೆ ಹೂಂ ಅನ್ನುವ ಮೊದಲು

ಬಾಗಿಲು ಧಡಾರ್ ಅಂದರೂ ನಮ್ಮ ಮಗಳು ನಿದ್ದೆಯಲ್ಲಿ ಕದಲುತ್ತಿರಲಿಲ್ಲ. ಎಂಥ ಗಟ್ಟಿ ನಿದ್ದೆ ಅಂತ ಖುಷಿಪಡುತ್ತಿದ್ದೆವು. ಕಿವಿ ಕೇಳಿಸುವುದಿಲ್ಲ ಅಂತ ಗೊತ್ತಾದಾಗ ಅವಳಿಗೆ 7 ತಿಂಗಳು.

ನಿಮಗೂ ಅನುಮಾನವಿದ್ದರೆ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಾ ಕಾಲ ಕಳೆಯಬೇಡಿ. ನೆರಳು ಕಂಡೋ, ನೆಲ ಅದುರಿದ್ದಕ್ಕೋ ಮಗು ತಿರುಗಿಬಿಡುತ್ತದೆ. ಬೇರಾ ಟೆಸ್ಟ್ ಮಾಡಿಸಿ. ಮಗು ಮಲಗಿದ್ದಾಗ ಸದ್ದು ಕೇಳಿಸಿ, ಕಿವಿಯ ನರದಿಂದ ಉತ್ತರ ಬರುತ್ತದಾ ಅಂತ ನೋಡುತ್ತಾರೆ. ಹುಟ್ಟಿದ 1 ತಿಂಗಳೊಳಗೆ ಮೊದಲ ಪರೀಕ್ಷೆ, 3 ತಿಂಗಳೊಳಗೆ ಖಚಿತ ಉತ್ತರ, 6 ತಿಂಗಳೊಳಗೆ ಮಷೀನು, ತರಬೇತಿ ಶುರು. ಡಾಕ್ಟರುಗಳ ಲೆಕ್ಕ ಇದು. ನಾವು ತಡ ಮಾಡಿದವರೇ.

ಸಾಮಾನ್ಯವಾಗಿ ಮೊದಲು ಕೆಲವು ತಿಂಗಳು ಹಿಯರಿಂಗ್ ಏಡ್ ಹಾಕಿ ನೋಡುತ್ತಾರೆ. ಅದು ಸದ್ದನ್ನು ಜೋರು ಮಾಡುತ್ತದೆ, ಅಷ್ಟೇ. ಆಪರೇಷನ್ ಮಾಡಿ ಒಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇರೆ. ಒಳಗಿವಿಯ ಕೆಟ್ಟ ಜಾಗ ದಾಟಿ ನರಕ್ಕೇ ಕರೆಂಟ್ ಮುಟ್ಟಿಸುತ್ತದೆ. ಹಾಗಾಗಿ ನರ ಇರಲೇಬೇಕು. ಎಂಆರ್‌ಐ, ಸಿಟಿ ಸ್ಕ್ಯಾನ್ ಮಾಡಿಸುವುದು ಅದಕ್ಕೇ. ಮೆನಿಂಜೈಟಿಸ್‌ನಿಂದ (ಮಿದುಳಿನ ಪೊರೆಯ ಉರಿಯೂತ) ಕಿವಿ ಹೋಗಿದ್ದರೆ ಮಾತ್ರ ಕಾಯಬೇಡಿ, ಒಳಗಿವಿಯಲ್ಲಿ ಮೂಳೆ ಬೆಳೆದುಬಿಟ್ಟರೆ ಇಂಪ್ಲಾಂಟ್‌ನ ತಂತಿ ತೂರಿಸುವುದೇ ಕಷ್ಟ.

ಸರ್ಜನ್ ಹತ್ತಿರ ಮೂರು ವಿಷಯ ಕೇಳಿ. ಇರುವ ಅಲ್ಪಸ್ವಲ್ಪ ಕೇಳುವಿಕೆ ಆಪರೇಷನ್‌ನಲ್ಲಿ ಹೋಗುತ್ತದಾ? (ಹೋಗಬಹುದು.) ಮೆನಿಂಜೈಟಿಸ್ ತಡೆಯುವ ನ್ಯುಮೋಕಾಕಸ್ ಲಸಿಕೆ ಯಾವಾಗ? ಇಂಪ್ಲಾಂಟ್‌ನಲ್ಲಿ ಅಯಸ್ಕಾಂತ ಇರುವಾಗ ಮುಂದೆ ಎಂಆರ್‌ಐ ಬೇಕಾದರೆ ಏನು ಕಥೆ?

ಆಮೇಲೆ ಮನೆಯಲ್ಲಿ ಕೂತು ಇನ್ನೊಂದು ಕೇಳಿಕೊಳ್ಳಿ: ದಿನಾ ಮಗುವಿನ ಜೊತೆ ಕೂರುವವರು ಯಾರು? ನಮ್ಮಲ್ಲಿ ನಿಜವಾದ ಜಗಳ ನಡೆದದ್ದು ಇದಕ್ಕೇ. ಆಪರೇಷನ್ ಕೆಲವೇ ಗಂಟೆ. ಮ್ಯಾಪಿಂಗ್ (ಮಷೀನನ್ನು ಮಗುವಿಗೆ ತಕ್ಕಂತೆ ಹೊಂದಿಸುವುದು), ಸ್ಪೀಚ್ ಥೆರಪಿ ವರ್ಷಗಟ್ಟಲೆ. ಇಂಪ್ಲಾಂಟ್ ಬೇಡ, ಸನ್ನೆ ಭಾಷೆ ಸಾಕು ಅನ್ನುವ ಮನೆಗಳೂ ಇವೆ, ಅದು ನಿರ್ಲಕ್ಷ್ಯ ಅಲ್ಲ. ತೀರ್ಮಾನಿಸುವ ಮೊದಲು ಕಿವುಡರಾಗಿಯೇ ಬೆಳೆದ ದೊಡ್ಡವರನ್ನು ಒಮ್ಮೆ ಭೇಟಿಯಾಗಿ. ನಾವು ಆಪರೇಷನ್ ಆದಮೇಲೆ ಹೋದೆವು. ಮೊದಲೇ ಹೋಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಯಾವ ದಾರಿ ಹಿಡಿದರೂ ಸನ್ನೆ ಇವತ್ತೇ ಶುರುಮಾಡಿ. ಸನ್ನೆ ಕಲಿತರೆ ಮಾತು ಬರಲ್ಲ ಅಂತ ಹೆದರಿಸುವವರು ಸಿಗುತ್ತಾರೆ. ಕೇಳಬೇಡಿ. ಮಗುವಿನ ತಲೆ ಭಾಷೆಗಾಗಿ ಆಪರೇಷನ್ ದಿನದವರೆಗೆ ಕಾಯುವುದಿಲ್ಲ. ನಮ್ಮವಳ ಮೊದಲ ಮಾತು ಕೈಯಿಂದಲೇ ಬಂತು: 'ದೀಪ'.

ಇಂಪ್ಲಾಂಟ್ ಮೊದಲ ಸಲ ಚಾಲೂ ಮಾಡುವ ಸ್ವಿಚ್ ಆನ್ ದಿನ ವಿಡಿಯೊಗಳಲ್ಲಿ ಮಕ್ಕಳು ನಗುತ್ತವೆ, ಅಲ್ವಾ? ನಮ್ಮವಳು ಕಿರುಚಿ, ತಲೆಗೆ ಹೊರಗಿನಿಂದ ಅಂಟಿಕೊಳ್ಳುವ ಕಾಯಿಲ್ ಕಿತ್ತೆಸೆದಳು. ವಾರಗಟ್ಟಲೆ ಬಟ್ಟೆಯ ಪಟ್ಟಿ ಕಟ್ಟಿ ನಿಲ್ಲಿಸಿದೆವು. ಈಗ ಬೆಳಗ್ಗೆ ಎದ್ದ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದು ಆರು ಸದ್ದು ಹೇಳುತ್ತೇನೆ: ಆ, ಊ, ಈ, ಮ್, ಶ್, ಸ್. ಕೇಳಿಸಿದ್ದಕ್ಕೆಲ್ಲ ಅವಳು ಒಂದು ಮಣಿ ಡಬ್ಬಿಗೆ ಹಾಕಬೇಕು. ಒಂದು ದಿನ 'ಸ್'ಗೆ ಮಣಿ ಬೀಳಲಿಲ್ಲ. ಹಟ ಅಂದುಕೊಂಡು ಗದರಿದೆ. ನೋಡಿದರೆ ಮಷೀನಿನ ಮೈಕಿನ ಮುಚ್ಚಳದಲ್ಲಿ ಕೊಳೆ ತುಂಬಿತ್ತು. ಮೊದಲು ಮಷೀನು ನೋಡಿ, ಆಮೇಲೆ ಮಗುವನ್ನು ಗದರಿ.

ಇಷ್ಟೆಲ್ಲ ಆದರೂ ಮಷೀನು ತೆಗೆದರೆ ಅವಳಿಗೆ ಏನೂ ಕೇಳಿಸುವುದಿಲ್ಲ. ರಾತ್ರಿ ಕಾಯಿಲ್ ಬಿಚ್ಚಿ ನನ್ನ ಕೈಗಿಡುತ್ತಾಳೆ. ಆಮೇಲೆ 'ದೀಪ' ಅಂತ ಸನ್ನೆ ಮಾಡುತ್ತಾಳೆ. ನಾನು ಆರಿಸುವುದಿಲ್ಲ. ಕತ್ತಲಲ್ಲಿ ಕೈ ಕಾಣಲ್ಲವಲ್ಲ, ಅವಳ ಕಥೆ ಇನ್ನೂ ಮುಗಿದಿರುವುದಿಲ್ಲ.