ಅನುವಾದ ತಂತ್ರಾಂಶದ ನಿಘಂಟು: ಟ್ರಿಮ್ ಮಾಡುವುದು ಹೇಗೆ?

ಕನ್ನಡದಿಂದ ತುಳುವಿಗೆ ಅನುವಾದ ಮಾಡುವ ತಂತ್ರಾಂಶ ಕಟ್ಟಬೇಕೆಂಬ ಆಸೆ ಮಂಗಳೂರು, ಉಡುಪಿ ಕಡೆಯ ನಿಮಗೂ ಇರಬಹುದು. ಎಐಗೆ ಉಣಿಸುವಷ್ಟು ತುಳು ಬರಹ ಸಿಗುವುದು ಕಷ್ಟ. ಅದಕ್ಕೇ ನಿಘಂಟು ಮತ್ತು ವ್ಯಾಕರಣದ ನಿಯಮಗಳ ಮೇಲೆ ನಡೆಯುವ ಅಪರ್ಟಿಯಂ ಒಳ್ಳೆಯ ದಾರಿ. ಸ್ಪೇನಿನ ಅಲಿಕಾಂಟೆ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ತಂತ್ರಾಂಶ ಉಚಿತ, ಮುಕ್ತ.

ಇದರಲ್ಲಿ ಕನ್ನಡದ್ದೇ ಒಂದು ನಿಘಂಟು ಇರುತ್ತದೆ, ಅದು ಪದವನ್ನು ಬಿಡಿಸಿ ಮೂಲರೂಪ, ವಚನ, ವಿಭಕ್ತಿ ಹೇಳುತ್ತದೆ. ಇನ್ನೊಂದು ಕನ್ನಡ–ತುಳು ಜೋಡಿ ನಿಘಂಟು. ಮೊದಲನೆಯದು ದೊಡ್ಡದು, ಎರಡನೆಯದು ಚಿಕ್ಕದು. ತೊಂದರೆ ಶುರುವಾಗುವುದೇ ಇಲ್ಲಿ.

‘ಮಲ್ಪೆಯ ಮೀನುಗಾರರಿಗೆ ಎಚ್ಚರಿಕೆ’ ಅಂತ ಕೊಟ್ಟಿರಿ ಅನ್ನಿ. ‘ಮೀನುಗಾರ’ ಕನ್ನಡ ನಿಘಂಟಿನಲ್ಲಿದೆ, ಜೋಡಿ ನಿಘಂಟಿನಲ್ಲಿಲ್ಲ. ಆಗ ಹೊರಗೆ ಬರುವುದು ‘@ಮೀನುಗಾರ’. ಬಹುವಚನವೂ ಹೋಯಿತು, ‘ಗೆ’ ಪ್ರತ್ಯಯವೂ ಹೋಯಿತು, ಎಚ್ಚರಿಕೆ ಯಾರಿಗೆ ಅನ್ನುವುದೇ ಗೊತ್ತಾಗುವುದಿಲ್ಲ. ಟ್ರಿಮ್ ಮಾಡಿದರೆ, ಅಂದರೆ ಜೋಡಿ ನಿಘಂಟಿನಲ್ಲಿಲ್ಲದ ಪದಗಳನ್ನು ಕನ್ನಡ ನಿಘಂಟಿನ ಪ್ರತಿಯಿಂದ ಕತ್ತರಿಸಿದರೆ, ಆ ಪದ ಯಂತ್ರಕ್ಕೆ ಅಪರಿಚಿತ, ಹಾಗಾಗಿ ಅಪರಿಚಿತ ಅನ್ನುವ ನಕ್ಷತ್ರದ ಗುರುತು ಹೊತ್ತು ‘*ಮೀನುಗಾರರಿಗೆ’ ಅಂತ ಇದ್ದ ಹಾಗೇ ದಾಟಿಬಿಡುತ್ತದೆ. ಕನ್ನಡ ಬಲ್ಲ ತುಳುವರಿಗೆ ಅಷ್ಟು ಸಾಕು, ಅಲ್ವಾ?

ಜೋಡುಪದಗಳಲ್ಲಿ ಲಾಭ ಇನ್ನೂ ಜಾಸ್ತಿ. ‘ಮೀನು ಮಾರುಕಟ್ಟೆ’ ಕನ್ನಡ ನಿಘಂಟಿನಲ್ಲಿ ಒಂದೇ ಪದವಾಗಿ ಕೂತಿದ್ದರೆ, ಯಂತ್ರ ಉದ್ದದ ಪದವನ್ನೇ ಹಿಡಿಯುತ್ತದೆ. ಮೀನಿಗೂ ಮಾರುಕಟ್ಟೆಗೂ ಬೇರೆ ಬೇರೆಯಾಗಿ ತುಳು ಪದ ಕೊಟ್ಟಿದ್ದರೂ ಅದು ಅತ್ತ ನೋಡುವುದಿಲ್ಲ. ಟ್ರಿಮ್ ಆದ ಮೇಲೆ ಎರಡೂ ಬಿಡಿಬಿಡಿಯಾಗಿ ಸಿಕ್ಕಿ ಅನುವಾದವಾಗುತ್ತವೆ.

ಈಗ ಕೆಲಸ. ಮೊದಲು ಎಲ್‌ಟಿ-ಕಾಂಪ್ ಎಂಬ ಅಪರ್ಟಿಯಂನ ಆದೇಶ ಬಳಸಿ ಎರಡೂ ನಿಘಂಟುಗಳನ್ನು ಕಂಪೈಲ್ ಮಾಡಿ, ಅಂದರೆ ಯಂತ್ರ ಓದುವ ರೂಪಕ್ಕೆ ತನ್ನಿ. ಜೋಡಿ ನಿಘಂಟನ್ನು ಕನ್ನಡದಿಂದ ತುಳುವಿನ ದಿಕ್ಕಿಗೇ ಕಂಪೈಲ್ ಮಾಡಬೇಕು, ತುಳುವಿನಿಂದ ಕನ್ನಡಕ್ಕೆ ಬರುವಾಗ ಅದರ ಕಡತ ಬೇರೆ. ಆಮೇಲೆ ಟ್ರಿಮ್ ಮಾಡುವ ಆದೇಶವಾದ ಎಲ್‌ಟಿ-ಟ್ರಿಮ್‌ಗೆ ಮೂರು ಕಡತದ ಹೆಸರು ಕೊಡಿ: ಕನ್ನಡದ್ದು, ಜೋಡಿಯದ್ದು, ಕೊನೆಗೆ ಹೊಸದಾಗಿ ಬರಬೇಕಾದದ್ದು. ಈ ಕ್ರಮ ತಪ್ಪಬಾರದು.

ಮೂಲ ನಿಘಂಟಿಗೆ ಮಾತ್ರ ದಯವಿಟ್ಟು ಕೈ ಹಾಕಬೇಡಿ. ಜೋಡಿಯಲ್ಲಿಲ್ಲದ ಪದಗಳನ್ನು ಕೈಯಾರೆ ಅಳಿಸುತ್ತಾ ಕೂತರೆ ನಾಳೆ ಕನ್ನಡ–ಕೊಂಕಣಿ ಮಾಡುವವರಿಗೆ ಏನು ಉಳಿಯುತ್ತದೆ? ಟ್ರಿಮ್ ಆಗುವುದು ಕಂಪೈಲ್ ಆದ ಪ್ರತಿ ಮಾತ್ರ. ಒಂದೇ ಕನ್ನಡ ನಿಘಂಟು ಎಷ್ಟು ಜೋಡಿಗಾದರೂ ಆಗುತ್ತದೆ, ನನಗೆ ಈ ವಿಧಾನದಲ್ಲಿ ತುಂಬಾ ಹಿಡಿಸಿದ್ದು ಇದೇ.

ಎರಡೂ ಕಡೆ ಇರುವ ಪದವೇ ಮಾಯವಾದರೆ ಟ್ಯಾಗ್, ಅಂದರೆ ಪದದ ಬಗೆ ಹೇಳುವ ಗುರುತು, ನೋಡಿ. ‘ಉಡುಪಿ’ ಒಂದು ಕಡೆ ಅಂಕಿತನಾಮ, ಇನ್ನೊಂದು ಕಡೆ ಬರೀ ನಾಮಪದ ಅಂತಿದ್ದರೆ ಯಂತ್ರಕ್ಕೆ ಅವೆರಡೂ ಬೇರೆ ಪದಗಳೇ. ವಿಭಕ್ತಿ, ವಚನದ ಟ್ಯಾಗುಗಳನ್ನು ಜೋಡಿ ನಿಘಂಟಿನಲ್ಲಿ ಬರೆಯಬೇಕಿಲ್ಲ, ಮೂಲರೂಪ ಮತ್ತು ಪದದ ಬಗೆ ಹೊಂದಿಕೆಯಾದರೆ ಸಾಕು. ಫಲಿತಾಂಶ ಪೂರ್ತಿ ಖಾಲಿಯಾದರೆ ಎಲ್‌ಟಿ-ಟ್ರಿಮ್ ತಾನೇ ದೋಷ ತೋರಿಸುತ್ತದೆ, ಒಂದೆರಡು ಪದ ಬಿಟ್ಟುಹೋದರೆ ಸುಮ್ನಿರುತ್ತದೆ.

ಜೋಡಿ ನಿಘಂಟಿಗೆ ಹೊಸ ಪದ ಸೇರಿಸಿದಾಗಲೆಲ್ಲ ಮತ್ತೆ ಕಂಪೈಲ್ ಮಾಡಿ, ಮತ್ತೆ ಟ್ರಿಮ್ ಮಾಡಿ. ಇದನ್ನು ಈ ಹಂತಗಳನ್ನು ತಾನಾಗಿ ನಡೆಸುವ ಕಡತವಾದ ಮೇಕ್‌ಫೈಲ್‌ನಲ್ಲೇ ಬರೆದಿಡಿ, ಇಲ್ಲದಿದ್ದರೆ ‘ಮೀನುಗಾರ’ ಸೇರಿಸಿದ ಮೇಲೂ ನಕ್ಷತ್ರ ಹಾಗೇ ಇರುತ್ತದೆ.