ಗಾಡಿ ಓಡಿಸುವವರಿಗೂ ಒಂದು ಒಳ್ಳೆಯ ಗ್ಲಾಸ್

ನಾನು ಮಡಿಕೇರಿಯ ರೆಸ್ಟೋರೆಂಟ್ ಒಂದರಲ್ಲಿ ಬಾರ್‌ಟೆಂಡರ್. ಕೊಡಗಿಗೆ ರೈಲಿಲ್ಲ, ಬರುವವರೆಲ್ಲ ರಸ್ತೆಯಲ್ಲೇ ಬರಬೇಕು. ಊಟ ಮುಗಿಸಿ ರಾತ್ರಿಯೇ ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೋಗುವವರೂ ಇರುತ್ತಾರೆ. ಹಾಗಾಗಿ ಒಂದೊಂದು ಮೇಜಿನಲ್ಲೂ ಒಬ್ಬರು ಕುಡಿಯದೆ ಕೂತಿರುತ್ತಾರೆ. ಗಾಡಿ ಓಡಿಸುವವರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಕಾನೂನಿನ ಪ್ರಕಾರ ಅಪರಾಧ. ಮಂಜು ಕವಿದ ತಿರುವುಗಳಲ್ಲಿ ಅಷ್ಟು ಇರುವುದೂ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗೆಳೆಯರಿಗೆಲ್ಲ ಅಂದವಾದ ಗ್ಲಾಸು, ಗಾಡಿ ಓಡಿಸುವವನಿಗೆ ಮಾತ್ರ ಒಂದು ಪೆಪ್ಸಿ ಬಾಟಲಿ. ಇದು ನನಗೆ ಸರಿ ಕಾಣುತ್ತಿರಲಿಲ್ಲ. ಎಲ್ಲರ ಜೀವ ಅವನ ಕೈಯಲ್ಲಿರುವಾಗ ಅವನಿಗೇಕೆ ಕಡಿಮೆ ಉಪಚಾರ?

ಮದ್ಯ ಇಲ್ಲದ ಪಾನೀಯಗಳ ತೊಂದರೆ ಎಂದರೆ ಅತಿಯಾದ ಸಿಹಿ. ಎರಡು ಗುಟುಕಿಗೇ ಸಾಕಾಗುತ್ತದೆ. ಗಂಟಲಲ್ಲಿ ಸ್ವಲ್ಪ ಖಾರ, ನಾಲಗೆಯಲ್ಲಿ ಉಳಿಯುವ ಹುಳಿ ಇದ್ದರೆ ಜನ ನಿಧಾನವಾಗಿ ಕುಡಿಯುತ್ತಾರೆ. ಆ ಹುಳಿ ನಮ್ಮ ಅಡುಗೆಮನೆಯಲ್ಲೇ ಇತ್ತು: ಪಂದಿಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ, ಹಾಕುವ ಕಾಚಂಪುಳಿ. ಹಣ್ಣಿನಿಂದ ಇಳಿದ ರಸವನ್ನು ಕುದಿಸಿ ಕುದಿಸಿ ಕಪ್ಪಗೆ, ಮಂದವಾಗುವ ತನಕ ಬತ್ತಿಸಿರುತ್ತಾರೆ. ನಿಂಬೆಯ ಹುಳಿ ಚುರುಕಾಗಿ ಬಂದು ಹೋಗುತ್ತದೆ. ಇದರದು ಆಳವಾದ, ತುಸು ಹೊಗೆಯ ವಾಸನೆಯ ಹುಳಿ. ನೇರವಾಗಿ ಹಾಕಿದರೆ ಉಳಿದ ರುಚಿಯನ್ನೆಲ್ಲ ನುಂಗಿಬಿಡುತ್ತದೆ. ಅದಕ್ಕೇ ಒಂದು ಚಮಚ ಕಾಚಂಪುಳಿಗೆ ನಾಲ್ಕು ಚಮಚ ನೀರು ಬೆರೆಸಿ ಬಾಟಲಿಯಲ್ಲಿ ಇಟ್ಟುಕೊಳ್ಳುತ್ತೇನೆ.

ಒಂದು ಗ್ಲಾಸಿಗೆ ಆ ನೀರು ಒಂದೂವರೆ ಚಮಚ, ಕಿತ್ತಳೆ ರಸ 60 ಮಿ.ಲೀ., ಬಿಸಿನೀರಿನಲ್ಲಿ ತೆಳುವಾಗಿಸಿದ ಜೇನು 20 ಮಿ.ಲೀ., ಆಗಷ್ಟೇ ಕುಟ್ಟಿದ ಕಾಳುಮೆಣಸು ಎರಡು ಚಿಟಿಕೆ, ಒಂದು ಚೂರು ಉಪ್ಪು. ಶೇಕರ್ ತುಂಬ ಐಸ್ ಹಾಕಿ, ಉಕ್ಕಿನ ಮೈ ಮೇಲೆ ಬಿಳಿ ಹನಿ ಕಟ್ಟುವವರೆಗೆ ಜೋರಾಗಿ ಅಲುಗಾಡಿಸಿ, ಸೋಸಿ, ಮೇಲೆ ತಣ್ಣನೆಯ ಸೋಡಾ. ಸೋಡಾವನ್ನು ಎಂದೂ ಶೇಕರ್‌ಗೆ ಹಾಕಬಾರದು. ಗಾಳಿ ಒತ್ತಿ ಮುಚ್ಚಳ ಹಾರುತ್ತದೆ. ಕಿತ್ತಳೆ ಕೊಡಗಿನದೇ ಸಿಕ್ಕರೆ ಬಿಡುವುದಿಲ್ಲ. ಸಡಿಲ ಸಿಪ್ಪೆಯ ಆ ಹಣ್ಣಿನಲ್ಲಿ ಸಿಹಿಯ ಜೊತೆಗೇ ಹುಳಿ ಇದೆ. ರೋಗಕ್ಕೆ ಸಿಲುಕಿ ತೋಟಗಳು ಕಡಿಮೆಯಾಗಿರುವುದು ದೊಡ್ಡ ನಷ್ಟ. ಸಿಗದಾಗ ಪ್ಯಾಷನ್ ಫ್ರೂಟ್ ಬಳಸುತ್ತೇನೆ, ಜೇನು ಸ್ವಲ್ಪ ಹೆಚ್ಚಿಸಿ.

ಇದಕ್ಕೇ 60 ಮಿ.ಲೀ. ಡಾರ್ಕ್ ರಮ್ ಸೇರಿಸಿದರೆ ಕುಡಿಯುವವರ ಗ್ಲಾಸು. ಎರಡೂ ಒಂದೇ ಆಕಾರದ ಗ್ಲಾಸಿನಲ್ಲಿ, ಒಂದೇ ಅಲಂಕಾರದಲ್ಲಿ ಹೋಗುತ್ತವೆ. ಅದಲುಬದಲಾಗದಂತೆ ರಮ್ ಇಲ್ಲದ್ದನ್ನು ನಾನೇ ಒಯ್ದು ಅವರ ಕೈಗೇ ಕೊಡುತ್ತೇನೆ. ರಮ್ಮನ್ನು ಪ್ರತಿ ಸಲವೂ ಜಿಗ್ಗರ್ ಎಂಬ ಅಳತೆಯ ಪುಟ್ಟ ಲೋಟದಲ್ಲೇ ಅಳೆಯುತ್ತೇನೆ. ಪರಿಚಯದವರು "ಸ್ವಲ್ಪ ಕೈ ಬಿಟ್ಟು ಹಾಕಿ ಅಣ್ಣಾ" ಎಂದರೂ 60 ಎಂದರೆ 60. ಎಷ್ಟು ಕುಡಿದೆನೆಂಬ ಲೆಕ್ಕ ಅವರಿಗೆ ಸಿಗಬೇಕಲ್ಲ.

ಬಾಡಿಗೆ ಗಾಡಿಯ ಚಾಲಕರು ಒಳಗೆ ಬರುವುದೇ ಕಡಿಮೆ, ಹೊರಗೆ ಗಾಡಿಯಲ್ಲೇ ಕಾಯುತ್ತಾರೆ. ಮಾಲೀಕರನ್ನು ಕೇಳಿ ಅವರಿಗೂ ಕಳುಹಿಸುವ ವ್ಯವಸ್ಥೆ ಮಾಡಿಸಿದೆ. ಮಳೆಗಾಲದಲ್ಲಿ ಐಸು, ಸೋಡಾ ಬಿಟ್ಟು ಜಜ್ಜಿದ ಶುಂಠಿ ಹಾಕಿದ ಬಿಸಿನೀರಿನಲ್ಲಿ ಬೆರೆಸಿ ಕಳುಹಿಸುತ್ತೇನೆ.