ಎಲೆಯ ಟ್ರಿಟಿಯಂ ಅಳೆಯುವಾಗ: ನೀರಿನ ಲೆಕ್ಕ ಬೇರೆ, ಒಣಪುಡಿಯ ಲೆಕ್ಕ ಬೇರೆ

ಕೈಗಾದಂಥ, ಭಾರಜಲ ಬಳಸುವ ಅಣುವಿದ್ಯುತ್ ಸ್ಥಾವರದ ಚಿಮಣಿಯಿಂದ ಹೊರಬೀಳುವ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಬಹುಪಾಲು ನೀರಾವಿಯಾಗಿಯೇ ಬರುತ್ತದೆ. ಹಗಲು ಪತ್ರರಂಧ್ರ ತೆರೆದಿದ್ದರೆ ಕೆಲವೇ ಗಂಟೆಗಳಲ್ಲಿ ಎಲೆಯ ನೀರು ಗಾಳಿಯ ತೇವಕ್ಕೆ ಹೊಂದಿಕೊಳ್ಳುತ್ತದೆ, ರಾತ್ರಿ ನಿಧಾನ. ಹಾಗಾಗಿ ಕಿತ್ತ ಸಮಯ, ಗಾಳಿಯ ದಿಕ್ಕು, ಆರ್ದ್ರತೆ ಬರೆದಿಡದ ಸ್ಯಾಂಪಲ್ ನಮ್ಮ ಮಟ್ಟಿಗೆ ಕಸ. ಎಲೆನೀರಿನ ಟ್ರಿಟಿಯಂ ಅಂದಾಜಿಸುವ ಸೂತ್ರದಲ್ಲಿ ಗಾಳಿತೇವದ ಪಾಲು ಆರ್ದ್ರತೆಯಷ್ಟು, ಮಣ್ಣಿನ ನೀರಿನದು ಉಳಿದಷ್ಟು, ಮೊತ್ತವನ್ನು 0.909ರಿಂದ (ಟ್ರಿಟಿಯಂ ನೀರಿನ ಆವಿ ಒತ್ತಡಕ್ಕೂ ಸಾಮಾನ್ಯ ನೀರಿನದಕ್ಕೂ ಇರುವ ಅನುಪಾತ) ಭಾಗಿಸುತ್ತೇವೆ. ಆರ್ದ್ರತೆ ಶೇ. 90 ದಾಟುವ ಮಳೆಗಾಲದಲ್ಲಿ ಬೇರಿನಿಂದ ಬಂದದ್ದು ಲೆಕ್ಕಕ್ಕೇ ಸಿಗುವುದಿಲ್ಲ ಎನ್ನಬಹುದು.

ಮಳೆಹನಿ, ಇಬ್ಬನಿಯನ್ನು ಟಿಶ್ಯೂನಿಂದ ಒತ್ತಿ ತೆಗೆದು, ಎಲೆಯನ್ನು ಎರಡು ಪದರದ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ ಐಸ್ ಪೆಟ್ಟಿಗೆಗೆ ಹಾಕುತ್ತೇವೆ. ಹೆಪ್ಪುಗಟ್ಟಿದ ಎಲೆಯ ನೀರನ್ನು ನಿರ್ವಾತದಲ್ಲಿ ಆವಿಯಾಗಿ ಎಳೆಯುವ ಫ್ರೀಜ್ ಡ್ರೈಯರ್‌ನಲ್ಲಿ ತೂಕ ಇಳಿಯುವುದು ಪೂರ್ತಿ ನಿಲ್ಲಬೇಕು. ಟ್ರಿಟಿಯಂ ಇಲ್ಲದ ಹಗುರ ನೀರು ಮೊದಲು ಆವಿಯಾಗುವುದರಿಂದ ಅರ್ಧಕ್ಕೇ ನಿಲ್ಲಿಸಿದರೆ ಟ್ರಿಟಿಯಂ ಕಡಿಮೆ ತೋರುತ್ತದೆ. ಸಿಕ್ಕ ನೀರನ್ನು ಬಟ್ಟಿ ಇಳಿಸಿ, 8 ಮಿ.ಲೀ.ಗೆ 12 ಮಿ.ಲೀ. ಕಾಕ್‌ಟೇಲ್ (ವಿಕಿರಣ ತಾಗಿದಾಗ ಮಿನುಗುವ ದ್ರಾವಣ) ಬೆರೆಸಿ, ರಾತ್ರಿಯಿಡೀ ಕತ್ತಲಲ್ಲಿಟ್ಟ ಮೇಲೆಯೇ ಆ ಮಿನುಗು ಎಣಿಸುವ ಸಿಂಟಿಲೇಶನ್ ಕೌಂಟರ್‌ಗೆ. ಇಲ್ಲವಾದರೆ ರಾಸಾಯನಿಕ ಬೆಳಕೂ ಎಣಿಕೆಗೆ ಸೇರಿಬಿಡುತ್ತದೆ.

ನಿಜವಾದ ತಲೆನೋವು ನೀರು ತೆಗೆದ ಮೇಲೆ ಉಳಿಯುವ ಎಲೆಯ ಒಣಪುಡಿಯದ್ದು. ದ್ಯುತಿಸಂಶ್ಲೇಷಣೆಯಲ್ಲಿ ಕಾರ್ಬನ್‌ಗೆ ಅಂಟಿದ ಟ್ರಿಟಿಯಂ ಆ ಅಣು ಒಡೆಯುವವರೆಗೆ ಕದಲುವುದಿಲ್ಲ. ಆಮ್ಲಜನಕ, ಸಾರಜನಕಕ್ಕೆ ಅಂಟಿದ್ದು ಮಾತ್ರ ಪಕ್ಕದ ನೀರಿನೊಂದಿಗೆ ಸದಾ ಅದಲುಬದಲಾಗುತ್ತಿರುತ್ತದೆ. ಅದನ್ನು ತೆಗೆಯಲು ಟ್ರಿಟಿಯಂ ಇಲ್ಲದ ಹಳೆಯ ಅಂತರ್ಜಲದಲ್ಲಿ ಪುಡಿ ನೆನೆಸಿ ಒಣಗಿಸುವುದು, ಮತ್ತೆ ನೆನೆಸುವುದು. ಆಮೇಲೆ ಆಮ್ಲಜನಕದಲ್ಲಿ ಸುಟ್ಟು, ಹೊಗೆಯನ್ನು ಸುಮಾರು 800 ಡಿಗ್ರಿಯ ತಾಮ್ರದ ಆಕ್ಸೈಡ್ ಮೇಲೆ ಹಾಯಿಸಿ, ಬರುವ ನೀರಾವಿಯನ್ನು ಶೀತಬಲೆಯಲ್ಲಿ (ತಣ್ಣಗಿಟ್ಟ ಕೊಳವೆ) ಹಿಡಿಯಬೇಕು. ಒಂದು ಗ್ರಾಂ ಪುಡಿಗೆ ಸಿಗುವುದು ಸುಮಾರು 0.55 ಮಿ.ಲೀ. 8 ಮಿ.ಲೀ. ಬೇಕೆಂದರೆ ಲೆಕ್ಕಕ್ಕೆ 15 ಗ್ರಾಂ ಸಾಕೆನಿಸಿದರೂ ಬಟ್ಟಿ ಇಳಿಸುವಾಗಿನ ನಷ್ಟಕ್ಕೆ ಸಾಲದು, 20 ಇಡಿ. ಬೇಗ ಬಿಸಿ ಏರಿಸಿದರೆ ಪುಡಿ ಒಮ್ಮೆಲೇ ಹೊತ್ತಿ, ಮಸಿ ಬೆರೆತ ಕಂದು, ಹುಳಿ ನೀರು ಬರುತ್ತದೆ. ಟ್ರಿಟಿಯಂನ ಬೀಟಾ ಶಕ್ತಿ ಹೆಚ್ಚೆಂದರೆ 18.6 ಕೆ.ಇ.ವಿ. (ಕಿಲೋ ಎಲೆಕ್ಟ್ರಾನ್ ವೋಲ್ಟ್); ಅದು ಕಾಕ್‌ಟೇಲ್‌ನಲ್ಲಿ ಹುಟ್ಟಿಸುವ ಮಂದ ಬೆಳಕನ್ನು ಬಣ್ಣವೇ ನುಂಗಿಬಿಡುತ್ತದೆ. ಆಮ್ಲ ಶಮನ ಮಾಡಿ, ಪರ್ಮಾಂಗನೇಟ್ ಹಾಕಿ ಮತ್ತೆ ಬಟ್ಟಿ ಇಳಿಸದೆ ಬೇರೆ ದಾರಿಯಿಲ್ಲ.

ಕರಾವಳಿಯ ಮಳೆಗಾಲದಲ್ಲಿ ಒಣಪುಡಿ ಕೋಣೆಯ ತೇವವನ್ನು ಹೀರಿಕೊಳ್ಳುತ್ತದೆ. ಡ್ರೈಯರ್‌ನ ನಿರ್ವಾತವನ್ನು ಕೋಣೆಯ ಗಾಳಿಯಿಂದಲ್ಲ, ಒಣ ಸಾರಜನಕದಿಂದ ಬಿಡಿ. ಪಕ್ಕದಲ್ಲೊಂದು ತಟ್ಟೆ ಟ್ರಿಟಿಯಂರಹಿತ ನೀರಿಟ್ಟು ಅದನ್ನೂ ಎಣಿಸಿ. ಅದು ಏರಿದ್ದರೆ ಆ ದಿನದ ಪುಡಿಯನ್ನು ನಂಬಬೇಡಿ.

ಪುಡಿಯ ಅಂಕಿ ನೀರಿನದಕ್ಕಿಂತ ಹೆಚ್ಚು ಬಂದರೆ ಗಿಡ ಟ್ರಿಟಿಯಂ ಸಾಂದ್ರಗೊಳಿಸಿತು ಎಂದು ಬರೆಯಲು ಹೋಗಬೇಡಿ. ನೀರು ಇವತ್ತಿನ ಗಾಳಿಯದ್ದು, ಪುಡಿ ಬೆಳೆದಷ್ಟು ದಿನದ್ದು. ಭತ್ತದಲ್ಲಂತೂ ಕಾಳು ಹಾಲುಗಟ್ಟುವ ವಾರಗಳ ಗಾಳಿಯ ದಾಖಲೆ ಇಲ್ಲದೆ ಅಕ್ಕಿಯ ಅಂಕಿಗೆ ಅರ್ಥ ಹಚ್ಚಲಾಗದು.